ಮೂರನೇ ಮಹಡಿಯ ನೆಲ

"ಸೋಮ್ಯಾ, ಅಕ್ಕನ ಉಸರ ಮ್ಯಾಲಕ್ಕ ಬರಾಕತ್ತೈತಿ. ಲಗೂ ಮಂಚದಿಂದ ಇಳಸೂಣ ಬಾ" ಎಂದು ಕಾಶವ್ವ ಒಳಕೋಣೆಯಿಂದ ಕೂಗಿದಾಗ, ಪಾಲಿಶ್ ಕೆಲಸದ ಸುಕೇಶ್ ಹಾಲ್‌ನ ನೆಲಕ್ಕೆಲ್ಲ ಗಟ್ಟಿ ಮಾಡುವ ಕೆಮಿಕಲ್ ಹರಡಿ ಮುಗಿಸಿ, ಹೊರಬಾಗಿಲ ಹೊಸ್ತಿಲಲ್ಲಿ ಕೂತು ಗಮ್‌ಬೂಟು ಕಳಚುತ್ತಿದ್ದ. ಅಡುಗೆಮನೆಯಲ್ಲಿದ್ದ ಸೋಮನಾಥ ಓಡಿಬಂದು ಹಾಲ್‌ನ ಅಂಚಿನಲ್ಲಿ ನಿಂತುಬಿಟ್ಟ. ಒಳಕೋಣೆಯ ಬಾಗಿಲಿನಿಂದ ಹೊರಬಾಗಿಲಿನವರೆಗೆ ನೆಲ ಒದ್ದೆಯಾಗಿ ಮಿರುಗುತ್ತಿತ್ತು.

ಮಹಾನಗರದ ಸಯನ್ ಭಾಗದ ಆ ಹಳೆಯ ಬಿಲ್ಡಿಂಗಿನಲ್ಲಿ ಟೈಲ್ಸು ಉಬ್ಬಿ ಎದ್ದು ಒಡೆದಿದ್ದವು. ಅವನ್ನು ಕಿತ್ತು ಕೆಳಗಿನ ಸ್ಲ್ಯಾಬನ್ನೇ ಉಜ್ಜಿ ಪಾಲಿಶ್ ಮಾಡಿಸುವುದೆಂದು ಸೋಮನಾಥ ಮತ್ತು ಈಗ ಆಫೀಸಿಗೆ ಹೋಗಿರುವ ಅವನ ಹೆಂಡತಿ ಗೊತ್ತುಮಾಡಿದ್ದರು. ಸೋಫಾ, ಫ್ರಿಜ್ಜು, ಕಪಾಟು ಎಲ್ಲ ಒಳಕೋಣೆಗೆ ಸೇರಿ, ಅವನ ತಾಯಿ, ಕಾಶವ್ವನ ಅಕ್ಕ ಚಂದ್ರವ್ವನ ಮಂಚದ ಸುತ್ತ ಒಂದು ಚಾಪೆ ಹಾಸುವಷ್ಟೂ ಜಾಗ ಉಳಿದಿರಲಿಲ್ಲ. ವಯಸ್ಸಾಯಿತು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು. ಇಷ್ಟು ಬೇಗ ಎಂದು ಯಾರೂ ಎಣಿಸಿರಲಿಲ್ಲ. ಚಂದ್ರವ್ವ ಮಗನ ಹತ್ತಿರ ಬೇಡಿಕೊಂಡಿದ್ದು ಒಂದೇ. ಮಂಚದ ಮೇಲೆ ಜೀವ ಬಿಡಿಸಬೇಡ, ನೆಲಕ್ಕೆ ಇಳಿಸು. ವಿಜಯಪುರದ ಕಡೆಯ ಅವರ ಮನೆತನದಲ್ಲಿ ಮಂಚದ ಮೇಲೆ ಸತ್ತವರೇ ಇರಲಿಲ್ಲ.

ಸೋಮನಾಥ ಕಾಲೆತ್ತಿದ.

"ಇಡಬೇಡಿ ಮಾರಾಯ್ರೇ!" ಎಂದು ಸುಕೇಶ್ ಅಲ್ಲಿಂದಲೇ ಎರಡೂ ಕೈ ಎತ್ತಿದ. ಅವನು ಉಡುಪಿ ಕಡೆಯವನು, ಕುರ್ಲಾದಲ್ಲಿ ಮನೆ. "ಈಗಷ್ಟೇ ಹಾಕಿದ್ದು. ಸ್ಲ್ಯಾಬು ಕುಡೀಬೇಕು ಅದನ್ನು. ಒಂದು ಗಂಟೆ ಸುಧಾರಿಸಿಕೊಳ್ಳಿ."

"ಏನಂತಾನಂವ?" ಕಾಶವ್ವ ಒಳಗಿನಿಂದ ಕೇಳಿದಳು.

"ಒಂದ ತಾಸು ತಡೀರಿ ಅಂತಾನ, ಸಣ್ಣವ್ವಾ."

"ಯಮಗ ಹೇಳಂತ ಹೇಳಂವಗ! ಹೊರಬಾಗಲದಾಗ ಕುಂತಾನಲ್ಲ, ಬಂದ ಕೂಡಲೇ ಅಲ್ಲೇ ತರುಬಲಿ."

ಸುಕೇಶನ ಮುಖ ಕಪ್ಪಿಟ್ಟಿತು. "ನನ್ನ ಕೆಲಸ ಹಾಳಾಗ್ತದೆ ಅಂತ ಅಲ್ಲ ಅಮ್ಮ. ಹಾಳಾದರೆ ಮತ್ತೆ ಉಜ್ಜುವ. ಅಜ್ಜಿಯ ಮೈಗೆ ತಾಗಿದರೆ ಉರೀತದೆ. ಅವರ ಚರ್ಮ ನೋಡಿದ್ದೀರಲ್ಲ, ಈರುಳ್ಳಿ ಸಿಪ್ಪೆ ಹಾಗೆ."

ಒಳಗೆ ಚಂದ್ರವ್ವನ ಗಂಟಲಲ್ಲಿ ಗೊರಗೊರ ಶಬ್ದ ಎದ್ದು, ಥಟ್ಟನೆ ನಿಂತುಹೋಯಿತು. ಮತ್ತೆ ಶುರುವಾಗುವ ತನಕ ಮೂವರೂ ಅಲ್ಲಾಡಲಿಲ್ಲ.

"ತೊಳದರ?" ಎಂದ ಸೋಮನಾಥ.

"ತೊಳೆದರೆ ಹೋಗ್ತದೆ. ಆದರೆ ನೆಲದ ಮೇಲೆ ಬಿಳಿ ಬಿಳಿ ಕಲೆ ಕೂತೀತು. ಆಮೇಲೆ ನನ್ನನ್ನು ಕೇಳಬಾರದು."

ಸೋಮನಾಥ ಆಗಲೇ ಅಡುಗೆಮನೆಯ ಬಕೆಟ್ಟಿಗೆ ಕೈ ಹಾಕಿದ್ದ. ನೀರು ಸ್ಲ್ಯಾಬಿನ ಮೇಲೆ ಭರ್ರನೆ ಹರಿಯಿತು. ಸುಕೇಶ್ ಮತ್ತೆ ಬೂಟು ಹಾಕಿಕೊಳ್ಳಲಿಲ್ಲ. ಬರಿಗಾಲಲ್ಲೇ ಇಳಿದು, ವೈಪರ್ ಹಿಡಿದು, ನೀರನ್ನು ಬಾಲ್ಕನಿಯ ಮೋರಿಯತ್ತ ಎಳೆದ. ಒಬ್ಬ ಸುರಿಯುವುದು, ಒಬ್ಬ ಎಳೆಯುವುದು. ಸೋಮನಾಥ ಬಗ್ಗಿ ಅಂಗೈಯಿಂದ ಉಜ್ಜಿ ನೋಡುತ್ತಿದ್ದ, ಸಾಬೂನಿನಂತೆ ಜಾರುತ್ತಿತ್ತು. ಇನ್ನೊಂದು ಬಕೆಟ್ಟು. ಮತ್ತೂ ಒಂದು. ಜಾರುವುದು ಹೋಗಿ ಖಡಿಕಲ್ಲಿನ ತಣ್ಣನೆಯ ಮೈ ಕೈಗೆ ಹತ್ತಿತು. ಸುಕೇಶ್ ಮೊಣಕಾಲೂರಿ, ನಡುಮಧ್ಯ ಒಬ್ಬರು ಮಲಗುವಷ್ಟು ಜಾಗವನ್ನು ಬಟ್ಟೆಯಿಂದ ಒರೆಸಿ, ತನ್ನ ಕೆನ್ನೆಯನ್ನು ಅಲ್ಲಿಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದ. "ಉರಿಯುವುದಿಲ್ಲ. ತನ್ನಿ" ಎಂದ.

ಚಂದ್ರವ್ವನ ಕೆಳಗಿನ ಚಾದರದ ಎರಡು ತುದಿಗಳನ್ನು ಸೋಮನಾಥ, ಎರಡನ್ನು ಕಾಶವ್ವ ಹಿಡಿದು, ಸೋಫಾದ ಮೇಲಿಂದ ದಾಟಿಸಿ ಬಾಗಿಲಿಗೆ ತಂದರು. ಅಲ್ಲಿ ಕಾಶವ್ವ ನಿಂತುಬಿಟ್ಟಳು.

"ಇದು ನೆಲಾ ಹೌದೇನೋ, ಸೋಮ್ಯಾ?"

"ಈಗೇನು ಕೇಳತಿ ಸಣ್ಣವ್ವಾ? ನಡಿ."

"ಕೆಳಗ ಮಂದಿ ಅದಾರ. ಅವರ ಕೆಳಗ ಮತ್ತ ಮಂದಿ ಅದಾರ. ಅವರಿಗೆ ಇದು ಮಾಳಿಗಿ. ಮಂಚದಿಂದ ಇಳಿಸಿ ಯಾರದೋ ಮಾಳಿಗಿ ಮ್ಯಾಲ ಹಾಕಿ, ನೆಲಕ್ಕ ಹಾಕೀನಿ ಅಂತ ಅಕ್ಕಗ ಸುಳ್ಳ ಹೇಳೂದೇನು?"

"ಮತ್ತೆಲ್ಲಿಗೆ ಒಯ್ಯಲಿ?" ಎಂದ ಸೋಮನಾಥ. "ಲಿಫ್ಟಿನ್ಯಾಗ ನಿಂದರಿಸಿಕೊಂಡು ಒಯ್ಯಲೇನು? ಕೆಳಗೂ ಸಿಮೆಂಟ್ ಬ್ಲಾಕ್ ಹಾಸ್ಯಾರ, ಅದರ ಮ್ಯಾಲೆ ಕಾರು ನಿಂತಾವು. ಈ ಊರಾಗ ಮಣ್ಣು ಎಲ್ಲೈತಿ ತೋರಸು, ಹೊತಗೊಂಡು ಹೋಗತೀನಿ. ಇದೂ ಉಸುಕು, ಖಡಿ. ಇದೂ ನೆಲದಾಗಿಂದನ ಬಂದದ್ದು."

ಕಾಶವ್ವ ಚಾದರದ ತುದಿಯನ್ನು ಬಿಗಿಯಾಗಿ ಹಿಡಿದಳು. ಸುಕೇಶ್ ಬಂದು ನಡುವಿಗೆ ಕೈ ಕೊಟ್ಟ. ಮೂವರೂ ಚಂದ್ರವ್ವನನ್ನು ಇಳಿಸಿ, ಕೆಳಗಿನಿಂದ ಚಾದರ ಎಳೆದುಕೊಂಡರು. ಸೋಮನಾಥ ತಾಯಿಯ ಬಾಯಿಗೆ ಚಮಚದಲ್ಲಿ ನೀರು ಬಿಟ್ಟ. ಅರ್ಧ ಒಳಗೆ ಹೋಯಿತು.

ಎದೆಯ ಏರಿಳಿತ ಸ್ವಲ್ಪ ತಗ್ಗಿತು. ಚಂದ್ರವ್ವನ ಬೆರಳುಗಳು ಸ್ಲ್ಯಾಬಿನ ಮೇಲೆ ಆಡಿದವು, ಕಾಳು ಆರಿಸುವವರ ಹಾಗೆ. ತಾನಾಗಿಯೇ ಮುಖ ಹೊರಳಿಸಿ ಕಿವಿಯನ್ನು ನೆಲಕ್ಕೆ ಹಚ್ಚಿದಳು. ಅದೇ ಹೊತ್ತಿಗೆ ಕೆಳಗಿನ ಮನೆಯಲ್ಲಿ ಒಬ್ಬ ಹೆಂಗಸು ಯಾರನ್ನೋ ಊಟಕ್ಕೆ ಕರೆದಳು. ಗಂಡಸೊಬ್ಬ ಏನೋ ಅಂದು ನಕ್ಕ. ಟೈಲ್ಸು ಕಿತ್ತ ಮೇಲೆ ಬರೀ ಸ್ಲ್ಯಾಬಿನಲ್ಲಿ ಆ ದನಿಗಳು ಗವಿಯೊಳಗಿನಿಂದ ಬಂದಂತೆ ಬರುತ್ತಿದ್ದವು.

ಚಂದ್ರವ್ವ ಕಣ್ಣು ತೆರೆದಳು. "ನೆಲದಾಗ... ಯಾರೋ ಮಾತಾಡಾಕತ್ತಾರ" ಎಂದಳು.

ಸೋಮನಾಥ ತಲೆ ತಗ್ಗಿಸಿದ.

"ನಮ್ಮವರೇನ?"

ಸುಕೇಶ್ ಗೋಡೆಯ ಕಡೆ ತಿರುಗಿಕೊಂಡ. ಕಾಶವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಆಮೇಲೆ ತೆಗೆದು, ಅಕ್ಕನ ಇನ್ನೊಂದು ಕಿವಿಗೆ ಬಗ್ಗಿದಳು.

"ಹೌದಕ್ಕಾ, ನಮ್ಮವರ. ನಿನಗ ಕರ್ಯಾಕತ್ತಾರ."