ಹಿಂದುಳಿದ ನೆರಳು

ಅವಸರದವರ ನೆರಳು ಹಿಂದೆಯೇ ಉಳಿದುಬಿಡುವುದು ಈಗ ದಾವಣಗೆರೆಯಲ್ಲಿ ಮಾಮೂಲು. ಟೈಲರ್ ಗಿರಿಜವ್ವನದು ಅವಳು ದಾರ ತರಲು ಓಡಿದ್ದ ಪೇಟೆಯಲ್ಲೇ ಉಳಿದಿತ್ತು. ನಾಳೆಯೇ ಮದುವೆ, ಮದುಮಗಳ ರವಿಕೆ ಇನ್ನೂ ಬಾಕಿ. ಆದರೆ ನೆರಳಿಲ್ಲದೆ ಹೊಲಿಯಲು ಕೂರುವಂತಿಲ್ಲ. ಹೋದ ಸಲ ಹಾಗೆ ಕೂತು ಎರಡೂ ತೋಳನ್ನು ಒಂದೇ ಬದಿಗೆ ಹೊಲಿದಿದ್ದಳು.

"ಅದು ಬರೋವರೆಗೂ ಕೂತ್ಕ," ಎಂದು ಗಂಡ ಹಾಲಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಕಟ್ಟೆಯ ಮೇಲಿಟ್ಟ. ಗೊಣಗುತ್ತಲೇ ಕೂತಳು. ಎಳೆಬಿಸಿಲು ಹಿತವಾಗಿತ್ತು. ಅವನು ಅದೇ ಹಳೇ ಬಡಾಯಿ ಕೊಚ್ಚಿದ. ಅವಳಿಗೆ ಈ ಸಲ ನಗು ಬಂತು.

ಅಷ್ಟರಲ್ಲಿ ನೆರಳು ಗೋಡೆ ಹಿಡಿದು ಮೆಲ್ಲಗೆ ಬಂದು ಅವಳ ಕಾಲಬುಡದಲ್ಲಿ ಕೂತಿತು. ಗಿರಿಜವ್ವ ಸದ್ದಿಲ್ಲದೆ ಅದರ ಮೇಲೆ ಸೆರಗು ಹೊದಿಸಿದಳು.

"ಬಂತೇನೇ ನೆರಳು?" ಹಾಲಪ್ಪ ಕೇಳಿದ.

"ಎಲ್ಲಿ ಬಂತ್ರಿ? ಇನ್ನೊಂದು ಮೆಣಸಿನಕಾಯಿ ಕೊಡ್ರಿ."