ನಾಲ್ಕನೆಯ ಮರಿ

ಸರೋಜಮ್ಮನ ಮನೆಯಲ್ಲಿ ಹಾಲಿರುತ್ತಿರಲಿಲ್ಲ. ತಾಯಿಬೆಕ್ಕು ಜೀಪಿಗೆ ಸಿಕ್ಕಿ ಸತ್ತ ಮೇಲೆ ನಾಲ್ಕು ಮರಿಗಳನ್ನೂ ಅವಳು ಮಾಂಸದಲ್ಲೇ ಸಾಕಿದಳು. ಎಸ್ಟೇಟ್ ಬಂಗಲೆಯಲ್ಲಿ ಅಡುಗೆಯವಳು. ಮಿಕ್ಕ ಕೋಳಿ ತಂದು, ಗಂಟಲಿಗೆ ಚುಚ್ಚೀತೆಂದು ಮೂಳೆಯೆಲ್ಲ ಆರಿಸಿ, ಕೈಯಾರೆ ತಿನ್ನಿಸುತ್ತಿದ್ದಳು.

ಅಂದು ಮೂರನೆಯದೂ ಕಿರುಚಿತು. ಓಡಿಬಂದು ನೋಡಿದರೆ ಪಕ್ಕದ ಮನೆಯ ಬಸವರಾಜುವಿನ ಜಗಲಿಯ ಕೆಳಗೆ ಹಿಂಗಾಲು ಎಳೆದುಕೊಂಡು ತೆವಳುತ್ತಿತ್ತು. ಮೊದಲಿನೆರಡೂ ಹೀಗೇ ಕಾಲು ಹೋಗಿ ಸತ್ತಿದ್ದವು.

ಬಸವರಾಜು ದೊಣ್ಣೆ ಹಿಡಿದು ನಿಂತಿದ್ದ. ಗಡ್ಡದ ಮೇಲೆ ಎಲೆಯಡಿಕೆಯ ರಸ, ಮೈಯೆಲ್ಲ ಸಾರಾಯಿ, ಒಣಮೀನಿನ ನಾತ. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಇದನ್ನೂ ಹೊಡ್ದೇನೋ?"

"ನಾಯಿ ಓಡ್ಸಕ್ಕೆ ಬಂದೆ ಕಣಕ್ಕ. ಇದು ಜಗಲಿಯಿಂದ ಹಾರ್ತು, ಬಿದ್ಬುಡ್ತು."

"ಬೆಕ್ಕು ಹಾರಿದ್ರೆ ಕಾಲು ಮುರೀತದೇನೋ, ಕುಡುಕ?"

ನಾಲ್ಕನೆಯ ಮರಿ ಅವನ ಹೊಸ್ತಿಲಲ್ಲೇ ಇತ್ತು. ಬಹಳ ದಿನದಿಂದ ಅಲ್ಲೇ ಠಿಕಾಣಿ. ಅವನೆಸೆದ ಮೀನಿನ ತಲೆಯನ್ನು ಮುಳ್ಳು ಸಮೇತ ಕಟಕಟನೆ ಅಗಿಯುತ್ತಿತ್ತು. ಅವಳು ಬಾಚಿ ಎತ್ತಿಕೊಂಡಳು.

"ಅದೊಂದ್ನಾದ್ರೂ ಬುಡಕ್ಕ. ಇಲ್ಲಿ ಗುಂಡುಗುಂಡಾಗಿ ಐತೆ."

"ನಿನ್ನ ಎಂಜಲು ತಿನ್ಕೊಂಡಾ? ಥೂ!"

ಮೂರನೆಯದು ಆ ವಾರವೇ ಸತ್ತಿತು. ಸರೋಜಮ್ಮ ಬಂಗಲೆಯ ಅಮ್ಮನವರ ಮುಂದೆ ಅತ್ತಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು, ಕೂಲಿಯವರ ಸಾಲಿನಲ್ಲಿದ್ದ ಬಸವರಾಜುವಿನ ಲೈನ್ ಮನೆ ಖಾಲಿ ಮಾಡಿಸಿದ. ಅವನು ಚೀಲ ಹೊತ್ತು ಕೆಮ್ಮುತ್ತ ಹಾನುಬಾಳಿನ ಕಡೆ ನಡೆದ. ಅವಳು ಅವನ ಜಗಲಿಗೆ ಸೆಗಣಿ ನೀರು ಸುರಿದು ತೊಳೆದಳು.

ಉಳಿದೊಂದು ಮರಿಯನ್ನು ಮನೆಯಿಂದ ಹೊರಗೇ ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ಮಾಂಸ, ಮೊದಲಿಗಿಂತ ನುಣ್ಣಗೆ.

ಎರಡು ತಿಂಗಳಾಗಿರಬೇಕು. ಬಾಗಿಲು ಹಾಕಿತ್ತು, ಒಳಗೆ ಅವಳೊಬ್ಬಳೇ. ಮರಿ ಅವಳ ಮಡಿಲಿಂದ ನೆಲಕ್ಕೆ ಹಾರಿತು. ಕಿರುಚಿತು. ಹಿಂಗಾಲೆರಡೂ ಬಟ್ಟೆಯಂತೆ ಹಿಂದೆ ಜೋತುಬಿದ್ದವು.

ದನದ ಡಾಕ್ಟರು ಬೆನ್ನು ಸವರಿ ಕೈ ತೆಗೆದರು. "ಬೆನ್ನೇ ಮುರಿದಿದೆ, ಉಳಿಯೋದಿಲ್ಲ. ಏನು ಹಾಕ್ತಿದ್ರಿ?"

"ಬರೀ ಮಾಂಸ ಸಾರ್. ಹುಡುಕಿದ್ರೂ ಒಂದು ಚೂರು ಮೂಳೆ ಸಿಗಲ್ಲ."

"ಹಾಲು?"

"ಇಲ್ಲ. ಮೊದಲ್ನೇ ಮೂರನ್ನ ಪಕ್ಕದ್ಮನೆಯವ್ನು ಹೊಡ್ದಿದ್ದ ಸಾರ್, ಇದನ್ನ ಯಾರೂ ಮುಟ್ಟಿಲ್ಲ."

"ಅವನ್ನೂ ಯಾರೂ ಹೊಡೆದಿಲ್ಲ ಕಣಮ್ಮ. ಹಾಲಿಲ್ಲ, ಮೂಳೆಯಿಲ್ಲ, ಇದರ ಎಲುಬಿಗೆ ಸುಣ್ಣದಂಶ ಎಲ್ಲಿಂದ ಬರಬೇಕು? ಹಪ್ಪಳ ಆಗೋಗಿದೆ. ಮೀನಿನ ಮುಳ್ಳು ಹಾಕಿದ್ರೂ ಬದುಕ್ತಿತ್ತು."

ಅವಳ ಬೆರಳುಗಳಲ್ಲಿ ಬೆಳಗಿನ ಕೋಳಿಯ ಜಿಡ್ಡು ಇನ್ನೂ ನಾರುತ್ತಿತ್ತು. ಹೊರಗೆ ಬಂದು ಚರಂಡಿಗೆ ವಾಂತಿ ಮಾಡಿಕೊಂಡಳು.

ಮರಿ ನಾಲ್ಕು. ಖಾಲಿ ಮಾಡಿಸಿದ ಮನೆ ಒಂದು.