ಹಂಬಲದ ತಕ್ಕಡಿ

ತನಗಿರುವ ಊರಿನ ಹಂಬಲವನ್ನು ಎತ್ತಲು ಹೋದರೆ ಮಸ್ಕತ್ ಬಂದರಿನ ಕ್ರೇನೇ ಮುರಿದು ಬೀಳುತ್ತದೆ ಎಂದು ಸುಗಂಧಿ ಎಲ್ಲರೆದುರು ಜಂಬ ಕೊಚ್ಚಿಕೊಂಡಿದ್ದಳು.

ಮಂಗಳ ಗ್ರಹಕ್ಕೆ ಓದಲು ಹೋಗುವವರೆಲ್ಲ ವೀಸಾ ಕಚೇರಿಯ ತಕ್ಕಡಿ ಹತ್ತಲೇಬೇಕು. ಮರಳಿ ಬರುವಷ್ಟು ಮನೆಯ ಹಂಬಲ ಇದ್ದರೆ ಮಾತ್ರ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಸುಗಂಧಿ ತಕ್ಕಡಿ ಹತ್ತಿದಳು; ಅವಳ ಚಪ್ಪಲಿ ಹಿಡಿದು ಅಮ್ಮ ಪಕ್ಕದಲ್ಲೇ ನಿಂತಳು.

"ಮನೆ ಎಲ್ಲಿ?" ತಕ್ಕಡಿ ಕನ್ನಡದಲ್ಲೇ ಕೇಳಿತು.

"ಉಡುಪಿ ಹತ್ರ. ನಮ್ಮ ಬಾವಿ ಎಷ್ಟು ಆಳ ಅಂದ್ರೆ, ಕೊಡಪಾನ ಇಳಿಸಿದ್ರೆ ಪಾತಾಳದವರೇ ತುಂಬಿಸಿ ಕಳಿಸ್ತಾರೆ! ಒಂದು ಹಲಸಿನಹಣ್ಣು ಇಡೀ ಊರಿಗೆ ಸಾಕು!"

ಮುಳ್ಳು ಮಿಸುಕಲಿಲ್ಲ.

"ಆ ಬಾವಿ ನೀನು ನೋಡಿದ್ದು ಫೋಟೋದಲ್ಲಿ ಮಾರಾಯ್ತಿ," ಅಮ್ಮ ಗದರಿದಳು. "ನಿಜ ಹೇಳು. ಇನ್ನೊಮ್ಮೆ ಹತ್ಲಿಕ್ಕೆ ಬಿಡುದಿಲ್ಲ."

ಸುಗಂಧಿ ದನಿ ತಗ್ಗಿಸಿದಳು. "ಊರಿಗೆ ಹೋದ್ರೆ ನಾನು ನೆಂಟಳು. ಇಲ್ಲಿ ಮಸ್ಕತ್ತಲ್ಲಿ, ನಮ್ಮ ಫ್ಲ್ಯಾಟಲ್ಲಿ, ಶುಕ್ರವಾರ ಅಮ್ಮ ನೀರುದೋಸೆ ಮಾಡುವಾಗ ಮೊದಲನೇದು ಯಾವಾಗ್ಲೂ ಹರೀತದೆ. ಆ ಹರಿದ ದೋಸೆ ನಂದು. ಅದು ಮಂಗಳದಲ್ಲಿ ಸಿಗುದಿಲ್ಲ."

ಮುಳ್ಳು ಸರ್ರನೆ ಮೇಲೆದ್ದಿತು.

"ಪಾಸ್‌ಪೋರ್ಟ್ ಇಂಡಿಯಾದ್ದಲ್ವಾ? ಮನೆ ಇಲ್ಲಿ ಅಂದ್ರೆ ಆಗ್ತದಾ?" ಅಮ್ಮ ಅಂಜುತ್ತಲೇ ಕೇಳಿದಳು.

"ನಾನು ತೂಗುವುದು ಮನೆಯನ್ನು," ಎಂದಿತು ತಕ್ಕಡಿ. ವೀಸಾ ಹೊರಬಂತು. "ಹೋಗಿ ಬಾ ಮಗಳೇ."

ಹೊರಗೆ ಸಾಲಿನಲ್ಲಿ ನಿಂತವರಿಗೆ ಸುಗಂಧಿ ವೀಸಾ ಬೀಸಿ ತೋರಿಸಿದಳು. "ತಕ್ಕಡಿ ಎರಡು ತುಂಡು!"

ಅಮ್ಮ ಚಪ್ಪಲಿಗಳನ್ನು ಅವಳ ಮುಂದೆ ಟಪ್ಪೆಂದು ಹಾಕಿ ದಿಟ್ಟಿಸಿದಳು.

"ಆಯ್ತು, ಮುರೀಲಿಲ್ಲ," ಸುಗಂಧಿ ನಕ್ಕಳು. "ಮುಳ್ಳು ಗೆರೆ ಮುಟ್ಟಿತು, ಅಷ್ಟೇ. ಅದೂ ಒಂದು ಹರಿದ ದೋಸೆಯಿಂದ."